ಇಗರ್ಜಿಯಲ್ಲಿ ಆಂಬ್ರೋಸನ ಜಾಗ

ಮಾರ್ಲ್‌ವಿಕ್, ನಾರ್ಫಕ್
೧೭೮೭ ನವೆಂಬರ್ ೧೯, ಸೋಮವಾರ

ಪ್ರೀತಿಯ ಆಂಬ್ರೋಸ್,

ಹೇಗಿದ್ದೀಯ ಮಾರಾಯ? ಕೆಮ್ಮು ಹೋಯಿತಾ? ಎದೆಗೆ ಕಟ್ಟಿಕೋ ಅಂತ ಕೊಟ್ಟ ಉಣ್ಣೆ ಬಟ್ಟೆ ಇದೆಯೋ, ಜೂಜಲ್ಲಿ ಸೋತೆಯೋ? ನಾನು ಗಟ್ಟಿಯಾಗಿದ್ದೀನಿ. ಹೆರಿಂಗ್ ಮೀನು ಈ ಸಲ ಚೆನ್ನಾಗಿ ಬಂತು, ಒಬ್ಬಳಿಗೆ ಎಷ್ಟು ಬೇಕು, ಅರ್ಧ ಪಕ್ಕದ ಮನೆ ಬೆಕ್ಕಿಗೇ. ನೀನು ತಿಮಿಂಗಿಲದ ಹಡಗು ಹತ್ತಿದ ಮೇಲೆ ಇದು ಎರಡನೇ ಚಳಿಗಾಲ. ಬಂದರಿನಲ್ಲಿ ಸಿಕ್ಕವರ ಕೈಗೆಲ್ಲ ಕಾಗದ ಕೊಟ್ಟೆ. ಒಂದಕ್ಕೂ ಜವಾಬಿಲ್ಲ.

ಇಗರ್ಜಿಯಲ್ಲಿ ನಮ್ಮ ಬೆಂಚಿನದೇ ದೊಡ್ಡ ರಂಪ. ಓಕ್ ಮರದ ಬೆಂಚು ಗಂಡ ಹೆಂಡತಿ ಇರೋರಿಗೆ, ಗಂಡ ಸತ್ತವರಿಗೆ ಉತ್ತರದ ಗೋಡೆಗೆ ಅಂಟಿದ ಕಲ್ಲಿನ ಜಗಲಿ, ನಿನಗೆ ಗೊತ್ತಲ್ಲ. ಮೊಕ್ತೇಸರ ಥರ್ಟಲ್ ಬೆಂಚು ಬಿಡು ಅಂತ ಸುಗ್ಗಿಯಿಂದ ಬೆನ್ನು ಬಿದ್ದಿದ್ದಾನೆ. "ಹಡಗು ಮುಳುಗಿದ್ದು ಊರಿಗೆಲ್ಲ ಗೊತ್ತು ಕೆಜಾಯಾ, ನಿನ್ನ ಬಾಯಿಂದ ಒಂದು ಮಾತು ಬಂದರೆ ಸಾಕು" ಅಂತ. ಹೆಂಡತಿಯೇ ಜನರೆದುರು ಗಂಡ ಸತ್ತ ಅನ್ನದೆ ಬೆಂಚು ಕೈ ಬದಲಾಗೋ ಹಾಗಿಲ್ಲವಲ್ಲ, ಅಜ್ಜಂದಿರ ಕಾಲದ ಕಟ್ಟಳೆ. "ಹೆಣ ತೋರಿಸಿ, ಏಳ್ತೀನಿ" ಅಂದೆ. ಅವನ ಮುಖ ಹುಳ್ಳಗಾಯಿತು. ಜಗಲಿಯ ಮೇಲಿಂದ ಮುದುಕಿ ಮರ್ಸಿ ಬೇರೆ, "ಬಾರೇ ಹುಡುಗಿ, ಕಲ್ಲು ತಣ್ಣಗಿದ್ದರೂ ಹರಟೆ ಬಿಸಿ ಇದೆ!" ಅಂತಾಳೆ.

ನಿನ್ನ ಜಾಗದಲ್ಲಿ ನನ್ನ ಕೈಚೀಲ ಇಟ್ಟು ಕೂರ್ತೀನಿ. ಬೆಂಚಿನ ತುದಿಗೆ ಕೆತ್ತಿರೋ ನೀರುನಾಯಿಯ ಮೂತಿಯನ್ನು ಪ್ರವಚನ ಮುಗಿಯೋವರೆಗೂ ಉಜ್ಜುತ್ತಿದ್ದೆಯಲ್ಲ, ಈಗ ಆ ಕೆಲಸ ನನ್ನದು. ಜಗಲಿಯ ಮೇಲಿನ ಗೋಡೆಯಲ್ಲಿ ಸುಣ್ಣ ಉದುರಿ, ಹಿಂದಿನವರು ಬರೆದ, ಪಯಣಿಗರನ್ನು ಕಾಯೋ ಸಂತ ಕ್ರಿಸ್ಟಫರನ ಒಂದು ಪಾದ ಹೊರಗೆ ಬಂದಿದೆ, ನೀರಲ್ಲಿಟ್ಟ ಪಾದ, ಸುತ್ತ ಮೀನು. ಪಾದ್ರಿ ಮತ್ತೆ ಸುಣ್ಣ ಬಳಿಸ್ತಾರಂತೆ. ಮಾಡಿನ ತೊಲೆಗಳಲ್ಲಿ ಅಷ್ಟೊಂದು ಮರದ ದೇವದೂತರು ರೆಕ್ಕೆ ಚಾಚಿಕೊಂಡಿದ್ದಾರೆ, ಒಬ್ಬನೂ ನಿನ್ನ ಸುದ್ದಿ ತರಲಿಲ್ಲ. ಸಿಟ್ಟು ಬರುತ್ತೆ. ಎಲ್ಲರೂ ಹಾಡುವಾಗ ನಿನ್ನ ಅಪಸ್ವರ ಇಲ್ಲದೆ ನನಗೆ ರಾಗ ತಪ್ಪುತ್ತೆ ಆಂಬ್ರೋಸ್. ಮನೆಗಿಂತ ಅಲ್ಲೇ ನಾನು ಹೆಚ್ಚು ಒಂಟಿ.

ಊರವರೆಲ್ಲ ನಿನ್ನನ್ನು ಕೇಳ್ತಾರೆ ಅಂತ ಸುಳ್ಳು ಬರೆಯಲ್ಲ, ಕೇಳೋದು ಬಿಟ್ಟಿದ್ದಾರೆ. ದೇವರು ನಿನ್ನ ಕಾಲಡಿಯ ಹಲಗೆ ಗಟ್ಟಿಯಾಗಿಟ್ಟಿರಲಿ.

ನಿನ್ನವಳೇ,
ಕೆಜಾಯಾ

ತಾ.ಕ.: ಹೇಳಲೇಬೇಕಾದ್ದು ಇನ್ನೂ ಹೇಳಿಲ್ಲ. ದೋಣಿ ಕಟ್ಟೋ ವಿಲ್ಲನ ಹೊಸ ಹೆಂಡತಿ ಡಾರ್ಕಸ್ ತುಂಬು ಬಸುರಿ. ಅವರಿಗೆ ಬೆಂಚಿಲ್ಲ. ನಿನ್ನೆ ಜ್ಞಾನಸ್ನಾನದ ಕಲ್ಲುತೊಟ್ಟಿಗೆ ಒರಗಿ ನಿಂತಿದ್ದವಳು ಕಣ್ಣು ಕತ್ತಲಿಟ್ಟು ಕುಸಿದಳು. ಕರೆತಂದು ನಿನ್ನ ಜಾಗದಲ್ಲಿ ಕೂರಿಸಿದೆ. ಥರ್ಟಲ್ ಬಂದು ಎಬ್ಬಿಸಿದ! "ಇದು ಆಂಬ್ರೋಸನ ಜಾಗ. ಅವನು ಬದುಕಿದ್ದಾನೆ ಅಂತ ನೀನೇ ಅಲ್ಲವೇ ಹೇಳೋದು?" ಹುಡುಗಿ ಬೆಂಚಿನ ತುದಿ ಹಿಡಿದು ಎದ್ದು ನಿಂತಳು. ನಾನು ಎದ್ದು, ಎಲ್ಲರಿಗೂ ಕೇಳೋ ಹಾಗೆ ಹೇಳಿಬಿಟ್ಟೆ, ನೀನು ಸತ್ತೆ ಅಂತ. ಬೆಂಚು ಅವಳಿಗೆ ಬಿಟ್ಟು, ಹೋಗಿ ಕಲ್ಲಿನ ಜಗಲಿ ಮೇಲೆ ಕೂತೆ. ಮರ್ಸಿ ತನ್ನ ಶಾಲು ಹಾಸಿಕೊಟ್ಟಳು. ಕ್ಷಮಿಸು. ನೀನು ಬಂದರೆ ಕೂರೋಕೆ ಇಲ್ಲಿ ಜಾಗವಿಲ್ಲ. ಆದರೂ ಬಾ, ಇಬ್ಬರೂ ಹಿಂದೆ ನಿಂತುಕೊಳ್ಳೋಣ.