ಪೀಪಿಗೆ ವಿಭೂತಿ ಹಚ್ಚಿದವಳ ಅಹವಾಲು

ತಂಬಾಕು ನಿರುತ್ಸಾಹ ವಿಭಾಗದ ಮಾನ್ಯ ಅಧಿಕಾರಿಗಳೇ,

ಮೊದಲಿಗೆ ಅಭಿನಂದನೆ. ನಿಮ್ಮ ವಿಭಾಗದ ಹೆಸರಿಗೆ ತಕ್ಕಂತೆ ನಮ್ಮ ಮನೆಯಲ್ಲಿ ಒಬ್ಬರು ಪೂರ್ತಿ ನಿರುತ್ಸಾಹಗೊಂಡಿದ್ದಾರೆ. ಸಣ್ಣದೊಂದು ತೊಡಕು ಮಾತ್ರ ಉಳಿದಿದೆ: ಅವರ ಉತ್ಸಾಹ ಇಳಿದಿದ್ದು ಸಿಗರೇಟು ಸೇದುವುದರಲ್ಲಲ್ಲ, ಬಿಡುವುದರಲ್ಲಿ. ಮೂವತ್ತಾರು ವರ್ಷ ದಿನಕ್ಕೆ ಮೂವತ್ತರಂತೆ ಸೇದಿದ ಮನುಷ್ಯನೊಬ್ಬ ತನ್ನ ಎಡಗಾಲು ಉಳಿಸಿಕೊಳ್ಳಲಿಕ್ಕೆ ಹೆಚ್ಚು ಕಿರಿಕಿರಿಯಿಲ್ಲದ ಒಂದು ಇ-ಸಿಗರೇಟು ಕೇಳಿದರೆ, ಅದನ್ನು ಆರಿಸಿಕೊಡುವವರಿಲ್ಲ, ತೋರಿಸುವವರಿಲ್ಲ, ಕೆಟ್ಟರೆ ಏನು ಮಾಡಬೇಕೆಂದು ಹೇಳುವವರೂ ಇಲ್ಲ. ಇದು ನನ್ನ ದೂರು. ಆ ಮನುಷ್ಯ ನನ್ನ ಗಂಡ.

ಇದನ್ನು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೀನಿ ಎಂದು ಕೇಳಬಹುದು. ಡಚ್ಚಿನಲ್ಲಿ ಒಮ್ಮೆ ಬರೆದೆ ಸ್ವಾಮಿ. ಮೂರು ಸಂಜೆ ಕೂತು, ಮಗಳ ಕೈಲಿ ತಿದ್ದಿಸಿ, ವಿನಯದಿಂದ ಬರೆದೆ. ನಿಮ್ಮಿಂದ ನಾಲ್ಕು ಸಾಲಿನ ಉತ್ತರ ಬಂತು. ಅದರ ಸಾರ, 'ಧೂಮಪಾನ ಮಾಡದಿರುವುದೇ ಅತ್ಯುತ್ತಮ ಆಯ್ಕೆ.' ಅಯ್ಯೋ ದೇವರೇ, ಇದು ನಮಗೆ ಹೊಳೆದೇ ಇರಲಿಲ್ಲ ನೋಡಿ! ಮೂವತ್ತಾರು ವರ್ಷದಿಂದ ಯಾರಾದರೂ ಹೇಳಲಿ ಅಂತಲೇ ಕಾಯುತ್ತಿದ್ದೆವು. ಹಾಗಾಗಿ ಈ ಸಲ ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ, ನನಗೆ ಸಿಟ್ಟು ಮಾಡಲು ಬರುವ ಭಾಷೆಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಒಂದೊಂದು ಪತ್ರ ಬಂದಾಗಲೂ ನಾನು ಅರ್ಥ ಹೇಳುವವರನ್ನು ಹುಡುಕಿದ್ದೇನೆ. ಒಂದು ಸಲ ನೀವೂ ಹುಡುಕಿ.

ನಮ್ಮವರ ಹೆಸರು ಬಸವಲಿಂಗಪ್ಪ. ಊರು ರಾಣೆಬೆನ್ನೂರು. ನಿಮ್ಮ ಡಚ್ ನಾಡಿನ ಎನ್ಸ್‌ಕೆಡೆಯ ಒಂದು ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷದಿಂದ ಅಳತೆಯ ಉಪಕರಣ ಮಾಡುತ್ತಾರೆ. ಕೂದಲೆಳೆಯ ಹತ್ತನೇ ಒಂದು ಭಾಗ ಹೆಚ್ಚುಕಮ್ಮಿಯಾದರೂ ಅವರ ಬೆರಳಿಗೆ ಗೊತ್ತಾಗುತ್ತದೆ. ಸ್ವಂತ ಕಾಲು ಮಾತ್ರ ಕೈಕೊಡುವವರೆಗೆ ಗೊತ್ತಾಗಲಿಲ್ಲ. ಹೋದ ವರ್ಷದಿಂದ ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ರಕ್ತನಾಳ ಕಟ್ಟಿಕೊಂಡಿದೆಯಂತೆ. ಈ ಕಾಯಿಲೆಗೆ ನಿಮ್ಮ ಜನ ಇಟ್ಟ ಹೆಸರು ನನಗೆ ಬಹಳ ಹಿಡಿಸಿತು: 'ಅಂಗಡಿ ಕಿಟಕಿಯ ಕಾಲು'. ನೋವಾದವರು ನಾಚಿಕೆಗೆ ಅಂಗಡಿಯ ಗಾಜಿನ ಮುಂದೆ ನಿಂತು ಸಾಮಾನು ನೋಡುವ ಹಾಗೆ ನಟಿಸುತ್ತಾರಲ್ಲ, ಅದಕ್ಕೆ. ಆದರೆ ನಮ್ಮ ಬೀದಿಯಲ್ಲಿ ಅಂಗಡಿಯೇ ಇಲ್ಲ, ಬರೀ ಮನೆಗಳು. ನಿಮ್ಮವರು ಪರದೆ ಹಾಕುವವರಲ್ಲ. ನಮ್ಮವರು ಪಾಪ, ನಾಲ್ಕನೇ ಮನೆಯ ಅಜ್ಜಿಯ ಕಿಟಕಿಯೆದುರು ನಿಂತು ಸುಧಾರಿಸಿಕೊಳ್ಳುತ್ತಾರೆ. ಆ ಅಜ್ಜಿ, ಈ ಮನುಷ್ಯನಿಗೆ ತನ್ನ ಬೆಕ್ಕಿನ ಮೇಲೆ ಪ್ರಾಣ ಎಂದುಕೊಂಡು ದಿನಾ ಬೆಕ್ಕನ್ನು ಎತ್ತಿ ತೋರಿಸುತ್ತಾಳೆ. ಇವರು ಕೈಬೀಸುತ್ತಾರೆ.

ಆಸ್ಪತ್ರೆಯ ಡಾಕ್ಟರು ಸುತ್ತಿಬಳಸಲಿಲ್ಲ. 'ಸೇದುತ್ತಾ ಹೋದರೆ ಈ ಕಾಲು ಹೋಗುತ್ತದೆ, ನಿಲ್ಲಿಸಿದರೆ ಬಹುಶಃ ಉಳಿಯುತ್ತದೆ' ಎಂದು, ಹವಾಮಾನ ವರದಿ ಓದುವವರಂತೆ ಹೇಳಿ ಕೈಕುಲುಕಿದರು. ನಮ್ಮವರು ಆವತ್ತೇ ನಿಲ್ಲಿಸಿದರು. ಒಂದು ಸಲ ಅಲ್ಲ, ಮೂರು ಸಲ. ನಿಕೋಟಿನ್ ಪಟ್ಟಿ ಅಂಟಿಸಿದರೆ ಮೈಯೆಲ್ಲ ದದ್ದು. ಚೂಯಿಂಗ್ ಗಮ್ಮು ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡು ಹಲ್ಲೇ ಈಚೆ ಬಂತು. ಬರೀ ಹಟದ ಮೇಲೆ ಹನ್ನೊಂದು ದಿನ ಬಿಟ್ಟರು. ಆ ಹನ್ನೊಂದು ದಿನ ಈ ಮನೆಯಲ್ಲಿ ಬದುಕಿದ್ದಕ್ಕೆ ನನಗೂ ಮಗಳಿಗೂ ನೀವು ಪದಕ ಕೊಡಬೇಕು. ಕೊನೆಗೆ ನಮ್ಮ ಮನೆ ವೈದ್ಯರ ಬಳಿಯ ನರ್ಸಮ್ಮನೇ ಬಾಗಿಲು ಮುಂದೆ ಮಾಡಿ ಹೇಳಿದರು: 'ಇ-ಸಿಗರೇಟು ಒಳ್ಳೆಯದೇನಲ್ಲ. ಆದರೆ ಎಲ್ಲ ಮಾಡಿ ಸೋತಿದ್ದೀರಿ. ಸಿಗರೇಟಿಗಿಂತ ಅದು ವಾಸಿ. ಎರಡನ್ನೂ ಒಟ್ಟಿಗೆ ಮಾತ್ರ ಸೇದಬೇಡಿ.' ಯಾವುದು ಕೊಳ್ಳಬೇಕು ಎಂದು ಕೇಳಿದೆ. ಆಯಮ್ಮ ಗೋಡೆ ನೋಡಿದರು.

ಅಲ್ಲಿಂದ ಶುರುವಾಯಿತು ನೋಡಿ. ರೈಸ್‌ವೈಕ್‌ನಲ್ಲಿ ನಮ್ಮವರ ಸ್ನೇಹಿತ ಅಖ್ತರ್ ಇದ್ದಾರೆ, ವಿಜಯಪುರದವರು, ಆರು ವರ್ಷದಿಂದ ಇ-ಸಿಗರೇಟಿನಲ್ಲೇ ಇರುವವರು. 'ಭಾಭಿ, ಟೆನ್ಶನ್ ತಗೋಬ್ಯಾಡ್ರಿ, ನನ್ನ ಹಳೇದು ಕೊಡ್ತೀನಿ' ಎಂದು ಒಂದು ಪೆಟ್ಟಿಗೆ ತಂದರು. ಅದರಲ್ಲಿ ತಂತಿ ಸುರುಳಿ, ಹತ್ತಿ, ಚಿಮಟ, ಎರಡು ಬ್ಯಾಟರಿ, ನಿಕೋಟಿನ್ ದ್ರವದ ಮೂರು ಸೀಸೆ, ಒಂದು ಸಣ್ಣ ಸ್ಕ್ರೂಡ್ರೈವರ್! ನಮ್ಮವರು ಕನ್ನಡಕ ಏರಿಸಿ ಖುಷಿಯಾಗಿ ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಸೇದುವ ತಲಬು ಬಂದಾಗ ಅದು ಹದಿನಾಲ್ಕು ತುಂಡಾಗಿ ಮೇಜಿನ ಮೇಲಿತ್ತು. ಎದ್ದುಹೋಗಿ ಸಿಗರೇಟು ಹಚ್ಚಿದರು. ನನಗೆ ಆಗ ಜ್ಞಾನೋದಯವಾಯಿತು. ಸಿಗರೇಟಿನಂಥ ತಂಟೆಯಿಲ್ಲದ ಸಾಮಾನು ಭೂಮಿಯ ಮೇಲೆ ಇನ್ನೊಂದಿಲ್ಲ. ಅದಕ್ಕೆ ಚಾರ್ಜು ಬೇಡ, ಸರ್ವಿಸು ಬೇಡ, ಓದುವುದಕ್ಕೆ ಪುಸ್ತಕ ಬೇಡ. ಅದನ್ನು ಸೋಲಿಸುವ ಯಂತ್ರ ಅಷ್ಟೇ ಸೋಮಾರಿಯಾಗಿರಬೇಕು. ಗುಂಡಿ ಇರಬಾರದು. ತುಂಬಿಸುವ, ಸೋಸುವ, ಒರೆಸುವ ರಗಳೆ ಇರಬಾರದು. ಬಾಯಿಗಿಟ್ಟರೆ ಹೊಗೆ ಬರಬೇಕು, ಅಷ್ಟೇ.

ಇಂಥದ್ದೊಂದನ್ನು ಹುಡುಕಲು ನನಗೆ ಐದು ವಾರ ಬೇಕಾಯಿತು. ಆನ್‌ಲೈನಿನಲ್ಲಿ ಮಾರಾಟ ನಿಷೇಧ. ಜಾಹೀರಾತು ನಿಷೇಧ. ತಂಬಾಕಿನ ರುಚಿ ಬಿಟ್ಟು ಬೇರೆ ರುಚಿಯೂ ನಿಷೇಧ, ಅಂದರೆ ಯಾವ ರುಚಿಯನ್ನು ಮರೆಯಬೇಕೋ ಅದನ್ನೇ ಕೈಹಿಡಿದು ಕೊಡುತ್ತೀರಿ. ಮಕ್ಕಳ ಸಲುವಾಗಿ ಇದೆಲ್ಲ ಎನ್ನುತ್ತೀರಿ. ನನಗೂ ಮಗಳಿದ್ದಾಳೆ, ಹಿತಾ, ಹದಿನೇಳು ವರ್ಷ. ಮಕ್ಕಳಿಗೆ ಇದು ಸಿಗಬಾರದು ಎಂಬುದರಲ್ಲಿ ನಿಮಗಿಂತ ಒಂದು ಕೈ ಮೇಲೆ ನಾನು. ಆದರೆ ನಾನು ಅಂಗಡಿ ಹುಡುಕುತ್ತಿದ್ದಾಗ ಅವಳು ಫೋನಿನಿಂದ ತಲೆಯೆತ್ತದೆ, 'ಮಾಮ್, ಸೀರಿಯಸ್ಲಿ? ನನ್ನ ಕ್ಲಾಸಿನವರಿಗೆ ಮ್ಯಾಂಗೋ ಫ್ಲೇವರ್ ಹತ್ತು ನಿಮಿಷಕ್ಕೆ ಸ್ಕೂಲ್ ಗೇಟಿಗೇ ಬರುತ್ತೆ' ಎಂದಳು. ಭಲೇ! ಹದಿನೇಳರ ಹುಡುಗರಿಗೆ ಹತ್ತು ನಿಮಿಷ, ಐವತ್ತೆಂಟರ ಕಾಲುನೋವಿನವರಿಗೆ ಐದು ವಾರ. ನಿಮ್ಮ ಬೇಲಿ ಯಾರನ್ನು ಹೊರಗಿಟ್ಟಿದೆ ಎಂದು ಯಾವಾಗಲಾದರೂ ಹೋಗಿ ನೋಡಿದ್ದೀರಾ?

ಕಡೆಗೆ ಊರಾಚೆಯ ಸಣ್ಣ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. ಬೆರಳುದ್ದದ ನೀಲಿ ಕಡ್ಡಿ. ಗುಂಡಿ ಇಲ್ಲ, ಸೀಸೆ ಇಲ್ಲ. ದ್ರವ ಮುಗಿದ ಪುಟ್ಟ ಗೂಡು ತೆಗೆದು ಹೊಸದನ್ನು ಟಕ್ಕನೆ ಸಿಕ್ಕಿಸಿದರೆ ಆಯಿತು. ನಮ್ಮವರು ಅದಕ್ಕೆ 'ಪೀಪಿ' ಎಂದು ಹೆಸರಿಟ್ಟರು. ಪೀಪಿ ಬಂದ ಮೇಲೆ ಹತ್ತೊಂಬತ್ತು ದಿನ ಒಂದೂ ಸಿಗರೇಟಿಲ್ಲ. ಹದಿನಾರನೇ ದಿನ ಅಜ್ಜಿಯ ಕಿಟಕಿ ದಾಟಿ ಆರನೇ ಮನೆಯವರೆಗೆ ನಿಲ್ಲದೆ ಹೋದರು. ಬೆಕ್ಕು ಎತ್ತಿಕೊಂಡ ಅಜ್ಜಿ ಬೇಜಾರಾಗಿ ಒಳಗೆ ಹೋದಳು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಸುಳ್ಳು ಯಾಕೆ ಹೇಳಲಿ, ಖುಷಿಗೇ ಅತ್ತೆ.

ಇಪ್ಪತ್ತನೇ ದಿನ ನಾನು ಪೀಪಿಯನ್ನು ಕೊಂದೆ.

ನಿಮಗೆ ಆಯುಧಪೂಜೆ ಗೊತ್ತಿರಲಿಕ್ಕಿಲ್ಲ. ದಸರೆಯಲ್ಲಿ ನಮಗೆ ಅನ್ನ ಕೊಡುವ ಸಲಕರಣೆಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡುತ್ತೇವೆ. ಪೂಜೆಗಿಟ್ಟಿದ್ದನ್ನು ಆವತ್ತು ಮುಟ್ಟುವಂತಿಲ್ಲ, ಅದಕ್ಕೂ ಒಂದು ದಿನ ವಿಶ್ರಾಂತಿ. ಹಬ್ಬ ಇದ್ದಿದ್ದು ಬುಧವಾರ. ಆದರೆ ಇಲ್ಲಿ ನಮ್ಮ ದೇವರುಗಳಿಗೂ ಆಫೀಸಿರುವ ಕಾರಣ ಎಲ್ಲ ಹಬ್ಬವೂ ಶನಿವಾರಕ್ಕೇ ಬರುತ್ತದೆ. ಶನಿವಾರ ಬೆಳಿಗ್ಗೆ ಅವರ ಸ್ಪ್ಯಾನರು, ಹಿತಾಳ ಲ್ಯಾಪ್‌ಟಾಪು, ಮೂರು ಸೈಕಲ್ಲು, ನನ್ನ ಮಿಕ್ಸಿ ಎಲ್ಲ ಇಟ್ಟೆ. ಆಮೇಲೆ ಅನ್ನಿಸಿತು, ಈ ಮನೆಯಲ್ಲಿ ಈಗ ನಿಜವಾಗಿ ಜೀವ ಉಳಿಸುತ್ತಿರುವ ಆಯುಧ ಯಾವುದು? ಪೀಪಿಯನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ವಿಭೂತಿ ಕಲಸಿ ದಪ್ಪಗೆ ಮೂರು ಗೆರೆ ಎಳೆದು ಎಲ್ಲದರ ಮುಂದೆ ಇಟ್ಟೆ. ಸಂಜೆಗೆ ನಮ್ಮವರು ಲವಂಗ ಅಗಿಯುತ್ತಾ ಬಂದರು. 'ವಿಜೂ, ಒಂದ ದಮ್ಮು ಎಳೀತೇನಿ. ದೇವ್ರಿಗೆ ಕಾಣಲಾರ್ದಂಗ.'

'ರೀ, ವರ್ಷಕ್ಕೊಂದು ದಿನ. ಅದಕ್ಕೂ ವಿಶ್ರಾಂತಿ ಬೇಡವೇನ್ರೀ?' ಎಂದೆ. ಪಾಪ, ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡು ಹೋಗಿ ಮಲಗಿದರು.

ಭಾನುವಾರ ಬೆಳಿಗ್ಗೆ ಬಾಯಿಗಿಟ್ಟರೆ ಪೀಪಿ ಉಸಿರಾಡಲಿಲ್ಲ. ಉಸಿರೆಳೆದಿದ್ದನ್ನು ಕಂಡುಹಿಡಿಯುವ ಸೂಜಿಮೊನೆಯಷ್ಟು ತೂತು ಅದರ ಮೈಮೇಲೆ ಇತ್ತಂತೆ, ನನ್ನ ಮೂರು ಗೆರೆಯಲ್ಲಿ ನಡುವಿನದು ಸರಿಯಾಗಿ ಅದರೊಳಗೇ ಇಳಿದು ಗಾರೆಯಾಗಿತ್ತು. ಅವರು ಪಿನ್ನು ಹಾಕಿ ಕೆದಕಿದರು, ಊದಿದರು, ಏನೂ ಆಗಲಿಲ್ಲ. ನನ್ನ ಮುಖ ನೋಡಿ ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಸಣ್ಣ ಅಂಗಡಿ ಭಾನುವಾರ ಇಲ್ಲ, ಸೋಮವಾರವೂ ಮಧ್ಯಾಹ್ನ ಒಂದರ ತನಕ ಇಲ್ಲ. ಬುಧವಾರವೇ ಪೂಜೆ ಮಾಡಿದ್ದರೆ ಗುರುವಾರ ಅಂಗಡಿ ತೆರೆದಿರುತ್ತಿತ್ತು. ನಮ್ಮದೂ ತಪ್ಪಿದೆ ಸ್ವಾಮಿ, ಒಪ್ಪಿಕೊಳ್ಳುತ್ತೇನೆ.

ಕುಂಟುತ್ತಾ ಪೆಟ್ರೋಲ್ ಬಂಕಿಗೆ ಹೋದರು, ಜೊತೆಗೆ ನಾನೂ ಹೋದೆ. ಕೌಂಟರಿನ ಹಿಂದೆ, ಸಿಗರೇಟು ಯಾರ ಕಣ್ಣಿಗೂ ಬೀಳಬಾರದೆಂದು ನೀವೇ ಮುಚ್ಚಿಸಿದ ಬೂದು ಬಣ್ಣದ ಕಪಾಟು. ಅಲ್ಲಿದ್ದ ಹೆಂಗಸು ನನ್ನ ವಯಸ್ಸಿನವಳು, ಒಳ್ಳೆಯವಳೇ. ನಮ್ಮವರು ಸತ್ತ ಪೀಪಿ ತೋರಿಸಿ ಕೇಳಿದರು. ಈ ಕಂಪನಿಯದು ಇಲ್ಲ, ಬೇರೆಯವು ಇವೆ ಎಂದಳು. ಒಮ್ಮೆ ತೋರಿಸಿ ಎಂದರು ಇವರು. ಕಪಾಟು ತೆಗೆದು ತೋರಿಸುವಂತಿಲ್ಲ ಎಂದಳು. ಹೋಗಲಿ, ಯಾವುದು ಸುಲಭ? ನನಗೆ ಗೊತ್ತಿಲ್ಲ, ನಿಮಗೆ ಬೇಕಾದ ಹೆಸರು ಹೇಳಿ. ಒಂದು ಪಟ್ಟಿ ಕೊಟ್ಟಳು. ಇರುವೆ ಸಾಲಿನಂಥ ಅಕ್ಷರ, ಹೆಸರು ಬಿಟ್ಟರೆ ಬೇರೇನಿಲ್ಲ. ಯಾವುದಕ್ಕೆ ಗುಂಡಿ ಇದೆ, ಯಾವುದಕ್ಕೆ ಸೀಸೆ ಬೇಕು, ಯಾವುದರ ಗೂಡು ಯಾವುದಕ್ಕೆ ಕೂರುತ್ತದೆ? ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತು ಕೆಮ್ಮತೊಡಗಿದರು. ನಮ್ಮವರ ಹಣೆ ಬೆವರಿತು. ಕೊನೆಗೆ ಅವರ ಬಾಯಿಂದ ಮೂವತ್ತಾರು ವರ್ಷದಿಂದ ಬರುತ್ತಿದ್ದ ಆ ಒಂದು ಹೆಸರು ಬಂತು. ಕಪಾಟು ತೆರೆದು, ಪ್ಯಾಕು ಹೊರಬಂದು, ಕಪಾಟು ಮುಚ್ಚಲು ನಾಲ್ಕು ಸೆಕೆಂಡು. ನಾನು ಎಣಿಸಿದೆ.

ನಿಮ್ಮ ನಿರುತ್ಸಾಹದ ಕಪಾಟು ಕೆಲಸ ಮಾಡುವುದು ಹೀಗೆ. ಹೆಸರು ಗೊತ್ತಿದ್ದವನಿಗೆ ಅದು ಬಾಗಿಲೇ ಅಲ್ಲ. ಬಿಡಬೇಕೆಂದು ಬಂದವನಿಗೆ ಅದು ಗೋಡೆ.

ಮನೆಗೆ ಬರುವ ದಾರಿಯಲ್ಲಿ ಅವರು ಅಜ್ಜಿಯ ಕಿಟಕಿಯೆದುರು ನಿಂತರು. ಜೇಬಿನಲ್ಲಿ ಪ್ಯಾಕು, ಪ್ಯಾಕಿನ ಮೇಲೆ ಕೈ. ಸೇದಬೇಡಿ ಎಂದು ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ? ಅಜ್ಜಿ ಬೆಕ್ಕು ಎತ್ತಿ ತೋರಿಸಿದಳು. ಇವರು ಆ ಕೈ ತೆಗೆದು ಬೀಸಿದರು. ಮನೆಗೆ ಬಂದು ಚಪ್ಪಲಿ ಬಿಟ್ಟು ನೇರ ಪೂಜೆಯ ಮುಂದೆ ಹೋಗಿ, ಒಡೆಯದ ಪ್ಯಾಕನ್ನು ಸ್ಪ್ಯಾನರಿನ ಪಕ್ಕ ಇಟ್ಟರು.

'ವಿಜೂ, ಇದಕ್ಕೂ ವಿಭೂತಿ ಹಚ್ಚು. ಪೂಜಿಗೆ ಇಟ್ಟಿದ್ದನ್ನ ನಾ ಮುಟ್ಟಂಗಿಲ್ಲಲ್ಲ? ಇದೂ ಆರಾಮ ಮಾಡ್ಲಿ.'

ಹಚ್ಚಿದೆ. ಗೆರೆ ಸೊಟ್ಟಗಾಯಿತು.

ಸೋಮವಾರ ಒಂದು ಗಂಟೆಗೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಪೀಪಿಯ ಮಾದರಿ ಬರುವುದು ನಿಂತಿದೆಯಂತೆ. ಈಗ ಇರುವುದು ಸೀಸೆಯಿಂದ ತುಂಬಿಸುವಂಥದ್ದು. ಹತ್ತು ಮಿಲಿಲೀಟರಿನ ಆ ಸೀಸೆಗೆ ಮಕ್ಕಳು ತೆಗೆಯಲಾಗದ ಮುಚ್ಚಳ ಇದೆ, ಕೂದಲೆಳೆ ಅಳೆಯುವ ಬೆರಳಾದರೂ ಐವತ್ತೆಂಟರ ಗಂಟುನೋವಿಗೆ ಅದನ್ನು ಒತ್ತಿ ತಿರುಗಿಸಲಾಗುವುದಿಲ್ಲ. ದಿನಾ ಬೆಳಿಗ್ಗೆ ಕಾಫಿಗಿಂತ ಮೊದಲು ನಾನೇ ತುಂಬಿಸಿ, ಸೋರಿದ್ದನ್ನು ಒರೆಸಿ ಕೈಗಿಡುತ್ತೇನೆ. ಅಷ್ಟಾದರೂ ವಾರಕ್ಕೆರಡು ಸಲ ಸುಟ್ಟ ವಾಸನೆ ಬಂದು ಅವರು ಅದನ್ನು ಸೋಫಾ ಮೇಲೆ ಎಸೆಯುತ್ತಾರೆ. ಎಸೆದಾಗೆಲ್ಲ ಅವರ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ನಮ್ಮ ಮನೆಯ ಆಯುಧಪೂಜೆ ಇನ್ನೂ ಮುಗಿದಿಲ್ಲ. ಇವತ್ತಿಗೆ ಇಪ್ಪತ್ತಮೂರು ದಿನ. ದಿನಾ ಹೂವು ಬದಲಿಸುತ್ತೇನೆ, ದಿನಾ ಗೆರೆ ಎಳೆಯುತ್ತೇನೆ. ಮನೆಗೆ ಬಂದವರು ಸಿಗರೇಟು ಪ್ಯಾಕಿಗೆ ಸೇವಂತಿಗೆ ನೋಡಿ ಕಣ್ಣು ಬಾಯಿ ಬಿಡುತ್ತಾರೆ. ಬಿಡಲಿ.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಒಂದು ಹಾಳೆ. ಎಲ್ಲ ಮಾಡಿ ಸೋತ ಹಳೆಯ ಚೈನ್ ಸ್ಮೋಕರಿಗೆ ಯಾವ ಬಗೆಯದು ಕಡಿಮೆ ತಂಟೆಯದು, ಹೇಗೆ ಇಟ್ಟುಕೊಳ್ಳಬೇಕು, ಎಲ್ಲಿ ತೂತಿದೆ, ಭಾನುವಾರ ಕೆಟ್ಟರೆ ಎಲ್ಲಿಗೆ ಹೋಗಬೇಕು ಎಂದು ದಪ್ಪಕ್ಷರದಲ್ಲಿ ಬರೆದು ಪ್ರತಿ ವೈದ್ಯರ ಕೋಣೆಯಲ್ಲಿ ಇಡಿ. ಆ ಹಾಳೆಯನ್ನು ಸಿಗರೇಟು ಸಿಗುವ ಪ್ರತಿ ಕೌಂಟರಿನಲ್ಲೂ, ವಯಸ್ಸು ನೋಡಿ, ಕೇಳಿದವರ ಕೈಗೆ ಕೊಡಲು ಬಿಡಿ. ಕೊಲ್ಲುವುದು ನಾಲ್ಕು ಸೆಕೆಂಡಿನಲ್ಲಿ ಸಿಗುವ ಜಾಗದಲ್ಲಿ ಉಳಿಸುವುದರ ವಿವರ ನಾಲ್ಕು ನಿಮಿಷದಲ್ಲಾದರೂ ಸಿಗಲಿ. ಅಷ್ಟೂ ಆಗದಿದ್ದರೆ ಆ ಪ್ಯಾಕನ್ನೂ ಮಾರಬೇಡಿ.

ದಯವಿಟ್ಟು ಬೇಗ ಉತ್ತರಿಸಿ. ಬೇಗ ಎಂದು ಯಾಕೆ ಹೇಳುತ್ತಿದ್ದೇನೆಂದರೆ, ಇವತ್ತು ಬೆಳಿಗ್ಗೆ ಹೂವು ತೆಗೆಯುವಾಗ ನೋಡಿದೆ. ಪ್ಯಾಕಿನ ವಿಭೂತಿಯ ಮೇಲೆ ಒಂದು ಹೆಬ್ಬೆರಳಿನ ಗುರುತಿತ್ತು. ಸೀಲು ಒಡೆದಿರಲಿಲ್ಲ. ಗುರುತಿನ ಮೇಲೆ ಮತ್ತೆ ಮೂರು ಗೆರೆ ಎಳೆದೆ.

ಇಂತಿ,
ಭಕ್ತಿ ಹೆಚ್ಚಾಗಿ ಒಂದು ಪೀಪಿಯನ್ನು ಕೊಂದು, ಈಗ ಸಿಗರೇಟು ಪ್ಯಾಕಿಗೆ ಪೂಜಾರಿಣಿಯಾಗಿರುವ
ವಿಜಯಾ ಬಸವಲಿಂಗಪ್ಪ
ಎನ್ಸ್‌ಕೆಡೆ