ಗೂಗಿ ಮಾರಿಯ ಕಾವಲಿನವರು

ನವೆಂಬರ್ 5, ಮಂಗಳವಾರ

ಸಾಲಿ ಬಿಟ್ಟ ಮ್ಯಾಲೆ ಸೀದಾ ಮೀರಾಸಾಬರ ಫ್ಲೆಕ್ಸ್ ಅಂಗಡಿಗೆ. ಟೆಸ್ಟ್ ಪ್ರಿಂಟ್ ರೆಡಿ ಇತ್ತು. ಕೆಟ್ಟೈತಿ.

ಟ್ಯಾಬಿನಾಗ ಎಷ್ಟು ಚಂದ ಇತ್ತು ನನ್ನ ‘ಪಾತಾಳ ಬಾವಿ’. ಮ್ಯಾಲೆ ಹಳದಿ ಬೆಳಕು, ಮೆಟ್ಟಲಾ ಇಳಿಯೋ ರೆಕ್ಕಿ ರಾಣಿ. ತಳದ ಕತ್ತಲಾಗ ಗೂಗಿ ಮಾರಿಯ ಕಾವಲಿನವರು, ಮೈ ಮನಶ್ಯಾರದು, ಮುಖ ಗೂಬಿದು, ಸಾಲಾಗಿ ನಿಂತು ಆಕಿನ್ನ ನೋಡತಿರತಾರ. ಬ್ಯಾಸಗಿ ಸೂಟಿ ಪೂರಾ ಅವರ ಮ್ಯಾಲೇ ಹೋಗೈತಿ. ಕಾಗದದಾಗ ರಾಣಿ ಅದಾಳ. ಅವರಿಲ್ಲ. ಬರೇ ಡಾಂಬರು ಬಳದಂಗ.

“ಸ್ಕ್ರೀನಿಗೆ ಹಿಂದಿಂದ ಬೆಳಕು ಇರತೈತಿ ಟೀಚರ್. ಕಾಗದಕ್ಕ ಎಲ್ಲಿಂದ ಬರಬೇಕ್ರಿ?” ಅಂದ್ರು ಮೀರಾಸಾಬ. “ನೀವು ಬ್ರೈಟ್‌ನೆಸ್ ಫುಲ್ ಇಟಗೊಂಡು ತಗದೀರಿ. ಎಲ್ಲಾರದೂ ಹಿಂಗ ಆಗತೈತಿ.”

ಖರೇನ. ಕತ್ತಲ ಭಾಗ ಸ್ವಲ್ಪ ತಿಳಿ ಮಾಡಿ ಇನ್ನೊಂದು ತಗೀರಿ ಅಂದೆ. ತಿಂಗಳ ಕೊನಿಗೆ ಕಲಬುರ್ಗಿ ಪ್ರದರ್ಶನಕ್ಕ ಕಳಸಬೇಕು. ನನ್ನ ಚಿತ್ರ ಸಿಂದಗಿ ದಾಟಿ ಹೊಂಟಿದ್ದು ಇದೇ ಮೊದಲ.

ನವೆಂಬರ್ 7

ಎರಡನೇ ಪ್ರಿಂಟ್. ನಮ್ಮ ಮನಿಯವರೂ ಬಂದಿದ್ರು, ಬೈಕ್ ಮ್ಯಾಲೆ. ನೋಡಿದವರೇ, “ಹಳೇದ ಚಲೋ ಇತ್ತು ಸುಮಂಗಲಾ. ಈಗ ಕಾವಲಿನವರಿಗೆ ಬೂದಿ ಬಡದಂಗ ಆಗೈತಿ.”

“ಕಾಣ್ತಾರಾ?”

“ಅಂದ್ರ? ನೀನ ತಗದೀ, ನನ್ನ ಕೇಳ್ತೀಯಲ್ಲ.” ನಕ್ಕರು. ನಾನೂ ನಕ್ಕೆ. ಮೀರಾಸಾಬ ನಗಲಿಲ್ಲ. ಪ್ರಿಂಟ್ ಎತ್ತಿ ಹೊರಗ ಬಿಸಿಲಿಗೆ ಹಿಡದರು.

ಬಂದರು. ಒಬ್ಬೊಬ್ಬರ ಎದ್ದು ಬಂದರು, ನೀರಾಗಿಂದ ಬಂದಂಗ. ಮಾರಿ, ಕೊಕ್ಕು, ಭುಜ. ಇವರು ಹೇಳಿದ್ದು ಸರಿ… ಬೂದಿ ಬಡದಂಗನ. ಅಂಗಡಿ ಒಳಗ ತಂದ ಕೂಡಲೇ ಮತ್ತ ಮುಳುಗಿದರು.

“ನಿಮ್ಮ ಟ್ಯೂಬ್ ಲೈಟ್ ಸರಿ ಇಲ್ಲ,” ಅಂದೆ. ಮೀರಾಸಾಬ ಮ್ಯಾಲೆ ನೋಡಿದ್ರು. ಹೊಸ ಟ್ಯೂಬ್ ಇತ್ತು.

ಮೂವರು ನಿಂತಿದ್ವಿ. ಇಬ್ಬರಿಗೆ ಕಂಡದ್ದು ನನಗ ಕಾಣಲಿಲ್ಲ. ಬರದೇನಿ.

ನವೆಂಬರ್ 10, ರವಿವಾರ

ಎರಡೂ ಪ್ರಿಂಟ್ ಪಡಸಾಲಿ ಗ್ವಾಡಿಗೆ ಹಚ್ಚಿದೆ. ಮಧ್ಯಾಹ್ನ ಇಳದ ಮ್ಯಾಲೆ ಲೈಟ್ ಹಾಕಿದೆ. ರಾವಸಾಬ ಮಾವ ಒಬ್ಬರ ಮನ್ಯಾಗ ಇದ್ರು, ಬಾಗಲಾಗ ಕುಂತಿದ್ರು.

“ಬಿಸಿಲು ಇನ್ನೂ ನನ್ನ ಕಾಲ ಮ್ಯಾಲೆ ಐತಿ. ಲೈಟ್ ಯಾಕ ಹಾಕಿದಿ ಸುಮಂಗಲಾ?”

ಬಟನ್ ಸಪ್ಪಳ ಕೇಳಿಸಿರಬೇಕು.

ಮಾವ ನನ್ನ ಅವ್ವನ ಒಡಹುಟ್ಟಿದ ತಮ್ಮ. ಆಮ್ಯಾಲೆ ಗಂಡನ ಅಪ್ಪ ಆದರು. ಅವರಿಗೆ ಮೊದಲ ಸಂಜೀಮುಂದ ಕಾಣಲಾರದಂಗ ಆತು. ಆಮ್ಯಾಲೆ ಬಾಜೂಕಿಂದು. ಆಮ್ಯಾಲೆ ಎಲ್ಲಾ. ಅವರ ಊರು ಗೊಳಸಂಗಿಯ ಮಂದಿ ಇದನ್ನ ಮೈಯಾಗಿನ ಉಷ್ಣ ಅಂದಿದ್ರಂತ.

“ಚಿತ್ರ ನೋಡಾಕ,” ಅಂದೆ.

“ನಿನಗೂ ಹಂಗ ಏನ ತಂಗಿ?”

“ಇಲ್ರಿ ಮಾವ.”

ಕೈ ಚಾಚಿದ್ರು ನನ್ನ ಕಡೆ. ಹತ್ರ ಹೋಗಲಿಲ್ಲ. ಪ್ರಿಂಟ್ ಸುತ್ತಿಟ್ಟು ಒಳಗ ಹೋಗಿ ಅಕ್ಕಿ ಆರಿಸಿದೆ. ಕಲ್ಲು ಕಾಣ್ತಾವ. ಎಲ್ಲಾ ಕಾಣ್ತಾವ. ಕಾಗದ ಅಷ್ಟ ಕೆಟ್ಟದ್ದು.

ನವೆಂಬರ್ 22

ಬರೀಲಿಲ್ಲ ಇಷ್ಟ ದಿವಸ.

ಮೊನ್ನೆ ಸಾಲಿ ವರಾಂಡಾದಾಗ ಬಾಜೂಕಿಂದ ಬಂದ ಹುಡುಗಿಗೆ ಡಿಕ್ಕಿ ಹೊಡದೆ. ಹಣಿ ಒಡೀತು ಆಕಿದು. “ಟೀಚರ್, ನಾ ನಿಮ್ಮ ಬಾಜೂಕೇ ಇದ್ನಿ,” ಅಂತ ಅತ್ತಳು. ಮನಿಗೆ ಬಂದು ಇವರಿಗೆ ಎಲ್ಲಾ ಹೇಳಿದೆ. ಇವತ್ತು ವಿಜಾಪುರ ಕಣ್ಣಿನ ದವಾಖಾನಿ.

ಒಂದು ಬಿಳಿ ಬುಟ್ಟಿಯಂಥಾ ಮಷೀನ್. ಅದರಾಗ ಮಾರಿ ಇಡಬೇಕು. ಬೆಳಕಿನ ಚುಕ್ಕಿ ಕಂಡಾಗ ಬಟನ್ ಒತ್ತಬೇಕು. ಮೊದಲ ಒತ್ತಿದೆ, ಒತ್ತಿದೆ. ಆಮ್ಯಾಲೆ ಏನೂ ಬರಲಿಲ್ಲ. ಮಷೀನ್ ಮಾತ್ರ ಟಿಕ್ ಟಿಕ್ ಅಂತಿತ್ತು. ನಿಂತೈತೇನ್ರಿ ಅಂತ ಕೇಳಿದೆ. “ನಡದೈತಿ ಮೇಡಂ, ನೀವು ಕಂಡಾಗ ಒತ್ರಿ,” ಅಂದಳು ಸಿಸ್ಟರ್. ಚುಕ್ಕಿ ಬರಾಕತ್ತಿದ್ವು ಅಂತ ಆತು. ನನ್ನ ಸುತ್ತ. ನಾ ಕೈಯಾಗ ಬಟನ್ ಹಿಡಕೊಂಡು ಕುಂತಿದ್ದೆ.

ಡಾಕ್ಟರ್ ಸಣ್ಣ ವಯಸ್ಸಿನಾಕಿ. “ಮನ್ಯಾಗ ಯಾರಿಗರೆ ಐತೇನ್ರಿ?”

“ಸ್ವಾದರ ಮಾವಗ.”

“ನಿಮ್ಮದು ಸಂಬಂಧದಾಗಿನ ಮದುವಿ?”

“ಹೌದ್ರಿ. ಅವರ ಮಗನ್ನ.”

ಬರಿಯೋದು ನಿಲ್ಲಿಸಿ ನನ್ನ ನೋಡಿದ್ರು. ಕಣ್ಣಿನ ಹಿಂದಿನ ಪರದೆ ಸೊರಗಾಕತ್ತೈತಂತ. ನಿಧಾನ ಹೋಗತೈತಿ, ವರ್ಷಗಟ್ಟಲೆ, ಔಷಧಿ ಇಲ್ಲ. ಅದಕ್ಕ ಅಷ್ಟು ಅಂಜಲಿಲ್ಲ. ಕಡೀಕ ಕೇಳಿದ್ರು, “ಮಕ್ಕಳು?”

“ಒಬ್ಬಾಕಿ. ಎರಡನೇತ್ತೆ ಓದತಾಳ.”

“ಕರಕೊಂಡು ಬರ್ರಿ.”

ವಾಪಸ್ ಬರೂಮುಂದ ದೇವರ ಹಿಪ್ಪರಗಿಯಾಗ ನಿಂತ್ವಿ. ಚಾ ಕುಡಿಯಾಕ ಇಳದಾಗ ಇವರು ಅಂದ್ರು, “ನಮ್ಮ ಭುವಿ ಕತ್ತಲಾಗ ಬಚ್ಚಲಕ್ಕ ಹೋಗಲ್ಲ ಅಂತಾಳಲ್ಲ. ಅಂಜಿಕಿ ಅಂತ ತಿಳಕೊಂಡಿದ್ವಿ…” ಚಾ ಕುಡೀಲಿಲ್ಲ ಇಬ್ಬರೂ.

ನವೆಂಬರ್ 25

ಕಲಬುರ್ಗಿಗೆ ಪ್ರಿಂಟ್ ಹೋತು. ಮೊದಲನೇದು. ನನಗ ಬರೇ ಡಾಂಬರು ಕಂಡದ್ದು. ಮೀರಾಸಾಬರ ಮುಂದ ಎರಡೂ ಇಟ್ಟು, “ನನ್ನ ಕಣ್ಣಿಗೆ ಖಾಯಿಲಿ ಐತಿ. ನೀವ ಹೇಳ್ರಿ,” ಅಂದೆ. ಮನಿ ಹೊರಗಿನವರಿಗೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲ. ಅವರು ಭಾಳ ಹೊತ್ತು ನೋಡಿದ್ರು. “ಇದರಾಗ ಅವರು ಕತ್ತಲಾಗ ಅದಾರ ಟೀಚರ್. ಅದರಾಗ ಹೊಗಿಯಾಗ ಅದಾರ. ನೀವು ಬರದದ್ದು ಕತ್ತಲನ.”

ಸರಿ ಅಂದೆ. ನನ್ನ ಚಿತ್ರ ಹೆಂಗ ಬಂದೈತಿ ಅಂತ ಮಂದಿ ಹೇಳಬೇಕು ಇನ್ನ. ಅದರದೇ ಇನ್ನೊಂದು ಕಾಪಿ ಮನಿಗೆ ತಂದೆ.

ಡಿಸೆಂಬರ್ 1, ರವಿವಾರ, ಸಂಜಿ

ನಾಳೆ ಭುವಿನ್ನ ಕರಕೊಂಡು ಹೋಗಬೇಕು.

ಮಾಡಬಾರದಿತ್ತು, ಮಾಡಿದೆ. ಇವರು ಪೇಟಿಗೆ ಹೋಗಿದ್ರು. ಕಿಡಕಿ ಮುಚ್ಚಿದೆ. ಬಾಗಲಾನೂ ಅರ್ಧ ಮುಚ್ಚಿದೆ. ಮೊನ್ನೆ ತಂದ ಕಾಪಿ ಗ್ವಾಡಿಗೆ ಹಚ್ಚಿ ಭುವಿನ್ನ ಅದರ ಮುಂದ ನಿಲ್ಲಿಸಿದೆ. ಆಕಿಗೆ ಈ ಚಿತ್ರ ತೋರಿಸಿದ್ದಿಲ್ಲ ಮೊದಲ.

“ಕೆಳಗ ನೋಡು. ಏನರೆ ಕಾಣತೈತೇನ?”

ನನ್ನ ಸೆರಗು ಹಿಡದಳು.

“ಭುವಿ, ಏನ ಕಾಣತೈತಿ?”

“ಏನೂ ಕಾಣಲ್ಲ.”

ಗ್ವಾಡಿ ಹಿಡದೆ. ಹೊರಗ ಮಾವ ಕೆಮ್ಮಿದ್ರು. ಕೇಳಿಸಿಕೊಂಡಿರಬೇಕು. ಬಗ್ಗಿ ಆಕಿನ್ನ ತಬ್ಬಿಕೊಂಡೆ, ಕೈ ಮಾರಿಗೆ ಹೋತು. ರೆಪ್ಪಿ ಬಿಗದು ಮುಚ್ಚಿದ್ವು. ನಡಗಾಕತ್ತಿದ್ವು ಬೆರಳ ಕೆಳಗ.

“ಕಣ್ಣ ಯಾಕ ಮುಚ್ಚಿದಿ?”

ನನ್ನ ಸೀರಿಯಾಗ ಮಾರಿ ಹುದಗಿಸಿದಳು. “ಅವ್ವಾ, ಅಲ್ಲಿ ಗೂಗಿಗೋಳು ನಿಂತಾವ. ನನ್ನ ನೋಡಾಕತ್ತಾವ.”

ನನಗ ಆ ಕಡೆ ಬರೇ ಕರಿ. ನಾಳೆ ಡಾಕ್ಟರ್ ಏನ ಅಂತಾರೋ ಅನ್ನಲಿ, ಆ ಮಷೀನ್ ಏನ ತೋರಸತೈತೋ… ಆಕಿ ಅಂಜಿಕಿ ಬರೇ ಅಂಜಿಕೀನ. ಗೂಗಿಗೋಳು ನಿಂತಾವ ಅಂದಳು. ಅಂದ್ರ ಕಾಣ್ತಾವ. ಆಕಿಗೆ ಅವು ಕತ್ತಲಾಗೂ ಕಾಣ್ತಾವ.