ಮೂರು ಪಾಲಾದ ಕೆರೆ

ಆರ್.ಟಿ. ನಗರ, ಬೆಂಗಳೂರು
೧೮ ನವೆಂಬರ್ ೧೯೮೪

ಪ್ರೀತಿಯ ಮುನ್ನಿ,

ಹೇಗಿದ್ದೀಯೇ? ಹಿರಿಯೂರಿನಿಂದ ನೀನು ಬರೆದ ಮೂರು ಕಾಗದಗಳೂ ಬಂದಿವೆ. ಒಂದಕ್ಕೂ ಉತ್ತರ ಹಾಕಲಿಲ್ಲ. ಪುರುಸೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಎರಡು ಸಲ ಕೂತು, 'ಇಲ್ಲಿ ಎಲ್ಲರೂ ಕ್ಷೇಮ' ಅಂತ ಬರೆದು, ಅಲ್ಲಿಗೇ ಎದ್ದುಬಿಟ್ಟೆ. ಬೈದುಕೋ, ಆದರೆ ಪೂರ್ತಿ ಓದು.

ಅನ್ವರ್ ಅವರಿಗೆ ಶಿಫ್ಟ್ ಬದಲಾಗಿದೆ, ಬೆಳಿಗ್ಗೆ ಐದಕ್ಕೇ ಯಶವಂತಪುರದ ಬಸ್ಸು ಹಿಡೀತಾರೆ. ಜೈನಾಬ್ ಈ ವರ್ಷ ಎಸ್ಸೆಸ್ಸೆಲ್ಸಿ. ಅತ್ತೆಗೆ ಮೊಣಕಾಲು ನೋವು, ಕೊಡ ಹೊತ್ತು ಮಹಡಿ ಹತ್ತೋದೆಲ್ಲ ನಾನೇ. ಮನೆ ಓನರ್ ಖಾಲಿ ಮಾಡಿ ಅಂತ ಮತ್ತೆ ಹೇಳಿಕಳಿಸಿದ್ದರು.

ಗುಬ್ಬಿಕಟ್ಟೆ ಏನಾಯ್ತು ಅಂತ ಮೂರು ಕಾಗದದಲ್ಲೂ ಕೇಳಿದ್ದೀಯ. ಕೊಡಿಗೇಹಳ್ಳಿ ಆಚೆಯ ಆ ಸಣ್ಣ ಊರಲ್ಲಿ ನಾವಿಬ್ಬರೂ ಹದಿನೈದು ದಿನ ಮನೆಮನೆ ತಿರುಗಿ ಸರ್ವೆ ಫಾರಂ ತುಂಬಿಸಿದ್ದೆವಲ್ಲ. ಕೆರೆ ತೂಬಿನ ಕೆಳಗೆ ಸೊಪ್ಪು ಬೆಳೆದು, ಯಶವಂತಪುರಕ್ಕೆ ಹೊತ್ತು ಮಾರುತ್ತಿದ್ದ ಸುಬ್ಬಮ್ಮ ದಿನಾ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಡುತ್ತಿದ್ದಳು.

ಹೋದ ವರ್ಷ ನಮ್ಮ ಆಫೀಸಿನ ಬಡಾವಣೆ ಯೋಜನೆಯಲ್ಲಿ ಆ ಕೆರೆಯ ಸರದಿ ಬಂತು. ನೀನು ಹೋದಮೇಲೆ ಬಂದ ಪ್ಲಾನರು ಕೃಷ್ಣಯ್ಯನವರು ಒಳ್ಳೆಯವರು ಕಣೇ. ಆಫೀಸಲ್ಲೇ ಕೂತು ಗೆರೆ ಎಳೆಯೋದು ಬೇಡ ಅಂತ ಊರ ಶಾಲೆಯಲ್ಲಿ ಸಭೆ ಸೇರಿಸಿದರು. ಕೆರೆ ಪಕ್ಕದ ಜಮೀನಿನ ಪಿಳ್ಳಪ್ಪ, ನಮ್ಮ ಹುಡುಗರೆಲ್ಲ ಕೆಲಸ ಹುಡುಕಿ ಪೀಣ್ಯಕ್ಕೆ ಅಲೀತಾರೆ, ಇಲ್ಲೇ ಕಾರ್ಖಾನೆ ಶೆಡ್ಡು ಬರಲಿ ಅಂದರು. ಸೈಟಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ದವರು, ನಮಗೆ ಮನೆ ಬೇಡವಾ ಅಂತ ಕೇಳಿದರು. ಯಾರು ಹೇಳಿದ್ದೂ ತಪ್ಪಲ್ಲ. ಕೃಷ್ಣಯ್ಯನವರು ಎಲ್ಲ ಕೇಳಿಸಿಕೊಂಡು ಕೆರೆಯನ್ನು ಮೂರು ಪಾಲು ಮಾಡಿದರು. ಒಂದು ಪಾಲು ಶೆಡ್ಡಿಗೆ, ಒಂದು ಮನೆಗಳಿಗೆ, ತೂಬಿನ ಕಡೆಯ ಪಾಲು ನೀರಿಗೆ.

ಹಿಂದೆ ನಿಂತಿದ್ದ ಸುಬ್ಬಮ್ಮ ಆಗ ಬಾಯಿಬಿಟ್ಟಳು. "ನೆಲಾನ ಪಾಲು ಮಾಡ್ಬೌದು ಸ್ವಾಮಿ. ನೀರ್ನ ಎಂಗ್ ಮಾಡ್ತೀರ?"

ಯಾರೋ ನಕ್ಕರು. ಕೃಷ್ಣಯ್ಯನವರು ನಗಲಿಲ್ಲ. ಜೀಪಲ್ಲಿ ವಾಪಸ್ ಬರುವಾಗ, ಎಲ್ಲರಿಗೂ ಸ್ವಲ್ಪಸ್ವಲ್ಪ ಬೇಜಾರಾಗಿದ್ದರೆ ಪ್ಲಾನು ಸರಿಯಾಗಿದೆ ಅಂತ ಅರ್ಥ ಕಣಮ್ಮ ಅಂದರು. ಪಾಪ, ನಂಬಿ ಹೇಳಿದ್ದು.

ಶೆಡ್ಡು ಎದ್ದವು. ಮನೆಗಳ ಪಾಲಿಗೆ ಮಣ್ಣು ತುಂಬಿ ಸೈಟಿನ ಕಲ್ಲು ನೆಟ್ಟರು. ಮೇಲಿನಿಂದ ಕೆರೆಗೆ ಮಳೆನೀರು ತರುತ್ತಿದ್ದ ಕಾಲುವೆ ಆ ಮಣ್ಣಿನಡಿಗೆ ಹೋಯಿತು. ಬೇಸಿಗೆಯಲ್ಲಿ ಒಣಗಿರೋ ಕಾಲುವೆ, ನಮ್ಮ ನಕ್ಷೆಯಲ್ಲಿ ಇರಲೇ ಇಲ್ಲ. ಈ ವರ್ಷ ಮಳೆಗೇನೂ ಕಡಿಮೆಯಿಲ್ಲ. ನೀರೆಲ್ಲ ಶೆಡ್ಡಿಗೆ ನುಗ್ಗಿ, ರಸ್ತೆಯಲ್ಲಿ ನಿಂತು, ಚರಂಡಿಗೆ ಹೋಯಿತು. ಉಳಿಸಿದ ಪಾಲಿಗೆ ಒಂದು ಹನಿ ಬರಲಿಲ್ಲ.

ಹೋದ ವಾರ ವರದಿಗೆ ಅಂತ ಹೋಗಿದ್ದೆ. ಸುಬ್ಬಮ್ಮ ಈಗ ಒಂದು ಶೆಡ್ಡಲ್ಲಿ ಕಸ ಗುಡಿಸ್ತಾಳೆ. ಉದ್ಯೋಗ ಸಿಕ್ಕಿದವರ ಕಾಲಂನಲ್ಲಿ ಅವಳ ಹೆಸರನ್ನ ನಾನೇ ಬರೆದುಕೊಂಡೆ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಪೊರಕೆ ಕೆಳಗಿಟ್ಟು, "ಆ ಇನ್ನೊಂದಮ್ಮ ಎಂಗವ್ರೆ?" ಅಂತ ನಿನ್ನನ್ನ ಕೇಳಿದಳು. ಚೆನ್ನಾಗಿದ್ದಾರೆ ಅಂದೆ.

ಕೃಷ್ಣಯ್ಯನವರು ವರ್ಗ ಕೇಳಿದ್ದಾರೆ. ಊಟದ ಹೊತ್ತಲ್ಲಿ ಡಬ್ಬಿ ತೆಗೆಯೋದಿಲ್ಲ. ಕಾಲುವೆ ನಾನು ನೋಡಬೇಕಿತ್ತು, ನಡೆದು ನೋಡಬೇಕಿತ್ತು ಅಂತ ಅದನ್ನೇ ಹೇಳ್ತಿರ್ತಾರೆ. ನನಗೂ ಸಾಕಾಗಿದೆ ಮುನ್ನಿ. ಬೆಳಿಗ್ಗೆ ಬಸ್ಸು ಹತ್ತುವಾಗಲೇ ಸಂಜೆಯಾದಷ್ಟು ಸುಸ್ತು.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ಮಗಳ ಹೆರಿಗೆ ಹತ್ತಿರ ಬಂತು ಅಂತ ಬರೆದಿದ್ದೀಯ, ಅಲ್ಲಾ ಅವಳ ಮೈ ಹಗುರ ಮಾಡಲಿ, ಕೂಸಿಗೆ ನೂರು ವರ್ಷ ಕೊಡಲಿ. ನಿನ್ನ ಬೆನ್ನುನೋವು ಜೋಪಾನ.

ನಿನ್ನ,
ಫಖ್ರುನ್ನೀಸಾ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಆ ಕಾಲುವೆ ನನಗೆ ಗೊತ್ತಿತ್ತು ಮುನ್ನಿ. ಸಭೆಯಾದ ಮಾರನೇ ವಾರ ಸುಬ್ಬಮ್ಮ ಕೈಹಿಡಿದು, ತುದಿಯಿಂದ ಕೆರೆವರೆಗೂ ನಡೆಸಿಕೊಂಡು ಹೋಗಿ ತೋರಿಸಿದ್ದಳು. ಆ ದಾರಿಯ ಇಪ್ಪತ್ತಾರು ಸೈಟು ಕೈಬಿಡಬೇಕು ಅಂತ ಟಿಪ್ಪಣಿ ಬರೆದು, ಸಹಿನೂ ಹಾಕಿದ್ದೆ. ಅದನ್ನು ಕೃಷ್ಣಯ್ಯನವರಿಗೆ ಕಳಿಸೋ ಮುಂಚೆ ಹಂಚಿಕೆಯ ಪಟ್ಟಿ ನನ್ನ ಮೇಜಿಗೆ ಬಂತು. ಆ ಇಪ್ಪತ್ತಾರರಲ್ಲಿ ಒಂದು ನಮ್ಮದು. ಹದಿನಾಲ್ಕು ವರ್ಷ ಅರ್ಜಿ ಹಾಕಿ ಕಾದಿದ್ದು. ಟಿಪ್ಪಣಿ ಹರಿದುಹಾಕಿದೆ. ಅನ್ವರ್‌ಗೂ ಹೇಳಿಲ್ಲ. ಮೊನ್ನೆ ಅವರು ಆ ಸೈಟಲ್ಲಿ ಪಾಯ ತೋಡಿಸಿದರು. ಮೂರಡಿ ಅಗೆಯೋ ಹೊತ್ತಿಗೇ ಕೆಳಗಿಂದ ನೀರು ಒಸರ್ತಿದೆಯಂತೆ. ಯಾಕಿರಬಹುದು ಅಂತ ನನ್ನನ್ನೇ ಕೇಳಿದರು. ಗೊತ್ತಿಲ್ಲ ಅಂದೆ.